ಕಾವಲಿ ಒಳಗೋ ಹೊರಗೋ

28 ಡಿಸೆಂಬರ್ 2024, ಶನಿವಾರ
ಪಡುಕರೆ, ಮಲ್ಪೆ

ರಾತ್ರಿ ಹತ್ತೂವರೆ. ಟ್ರೇಲರಿನಲ್ಲಿ ನಾಲ್ಕು ಜನ ಮಲಗಿದ ಮೇಲೆ ಐದನೆಯವಳಿಗೆ ಉಳಿಯುವುದು ಸಿಂಕಿನ ಪಕ್ಕದ ಮೊಳದಷ್ಟು ಜಾಗ. ಅಲ್ಲೇ ಕೂತು ಬರೆಯುತ್ತಿದ್ದೇನೆ.

ಟ್ರೇಲರ್ ಮೈದುನನದ್ದು, ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವಂಥದ್ದು. ಬಾಗಿಲ ಪಕ್ಕದಲ್ಲೇ ಎರಡು ಉರಿಯ ಗ್ಯಾಸ್ ಒಲೆ. ಐದು ಕೆಜಿಯ ಸಿಲಿಂಡರ್ ಮಾತ್ರ ಹೊರಗೆ, ಕೊಂಡಿಯ ಮೇಲಿನ ಪೆಟ್ಟಿಗೆಯಲ್ಲಿ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿದು ಕೂರುತ್ತದೆ ಎಂದು ನೆಲದಲ್ಲೂ ಒಂದು ಜಾಲರಿ ಇಡಿಸಿದ್ದಾನೆ. ಈ ವಿಷಯದಲ್ಲಿ ಅವನು ಭಾರೀ ಶಿಸ್ತು.

ಕಳೆದ ಸಲ ಮರವಂತೆ ಕಡೆ ಹೋದಾಗ ಮಳೆ ಬಂತೆಂದು ಒಳಗೇ ಬೂತಾಯಿ ಮೀನು ಹುರಿದಿದ್ದೆವು. ಹಾಸಿಗೆಯ ಫೋಮನ್ನು ಮೂರು ಬಿಸಿಲಿಗೆ ಹಾಕಿದರೂ ನಾತ ಬಿಡಲಿಲ್ಲ. ಮಗಳ ಶಾಲೆಯ ಚೀಲವೂ ಟ್ರೇಲರಿನೊಳಗೇ ಇತ್ತು. ಸೋಮವಾರ ಪಕ್ಕದ ಹುಡುಗಿ "ನಿಮ್ಮಲ್ಲಿ ನಿನ್ನೆ ಬೂತಾಯಿಯಾ?" ಅಂತ ಕೇಳಿದಳಂತೆ. ಹಾಗಾಗಿ ಈ ಸಲ ನಾನು ಹೊರಡುವ ಮೊದಲೇ ಹೇಳಿಬಿಟ್ಟಿದ್ದೆ: ಅಡುಗೆ ಎಲ್ಲ ಹೊರಗೆ.

ಮಧ್ಯಾಹ್ನ ಮೂರಕ್ಕೇ ಆ ಮಾತು ಬಿದ್ದುಹೋಯಿತು. ಪರಿಚಯದವರ ತೆಂಗಿನ ತೋಟದಲ್ಲಿ ಗಾಡಿ ನಿಲ್ಲಿಸಿ, ಮೇಜು ಬಿಡಿಸಿ, ಗ್ಯಾಸ್ ಕ್ಯಾನಿನ ಪುಟ್ಟ ಒಲೆಯಲ್ಲಿ ಚಹಾಕ್ಕೆ ನೀರಿಟ್ಟೆ. ಆ ಹೊತ್ತಿಗೆ ಕಡಲ ಗಾಳಿ ಜೋರು. ಉರಿ ಪಾತ್ರೆಯ ಅಡಿಗೆ ತಾಗುವುದೇ ಇಲ್ಲ, ಪೂರ್ವಕ್ಕೆ ವಾಲಿಕೊಂಡು ಹೊಳೆಯ ದಿಕ್ಕು ತೋರಿಸುತ್ತಿದೆ. ಇಪ್ಪತ್ತು ನಿಮಿಷವಾದರೂ ಐದು ಲೋಟ ನೀರು ಕುದಿಯಲಿಲ್ಲ. ಇವರು ಬೆಡ್‌ಶೀಟ್ ಹಿಡಿದು ನಿಂತರು, ಆಮೇಲೆ ಎಲ್ಲಿಂದಲೋ ತಗಡು ತಂದು ಒಲೆಯ ಸುತ್ತ ಕಟ್ಟಲು ಹೊರಟರು. ಮೈದುನ ಓಡಿ ಬಂದು ತಡೆದ. ಸುತ್ತ ಮುಚ್ಚಿದರೆ ಬಿಸಿಯೆಲ್ಲ ಕ್ಯಾನಿಗೇ ತಿರುಗುತ್ತದಂತೆ, ಕ್ಯಾನ್ ಸಿಡಿಯಲೂಬಹುದು.

"ಕಡಲ ಬುಡದಲ್ಲಿ ಮೇಜಿನ ಮೇಲೆ ಒಲೆ ಇಡುದಾ?" ಅಂದದ್ದು ಅತ್ತೆ. ಅಷ್ಟರಲ್ಲಿ ಅವರು ಟ್ರೇಲರಿನ ಮರೆಗೆ ಹೊಯ್ಗೆಯಲ್ಲಿ ಒಂದು ಗುಂಡಿ ತೋಡಿ, ಮೂರು ಕಲ್ಲು ಹೂಡಿ, ಒಣಗಿದ ಮಡಲು, ಕೊತ್ತಳಿಗೆ, ಗೆರಟೆ ಎಲ್ಲ ರಾಶಿ ಹಾಕಿ ಆಗಿತ್ತು. ಚಹಾ ಅಲ್ಲೇ ಆಯಿತು. ಸ್ವಲ್ಪ ಹೊಗೆ ಪರಿಮಳ, ಇರಲಿ.

ಅನ್ನವನ್ನಾದರೂ ಒಳಗೆ ಇಡುವ, ಅದಕ್ಕೆಂತ ನಾತ ಅಂದೆ. ನನ್ನ ಲೆಕ್ಕ ಅಲ್ಲೂ ತಪ್ಪು. ಕುಚ್ಚಲಕ್ಕಿ ಬೇಯಲು ಒಂದು ತಾಸು ಬೇಕು. ಒಂದು ಕೆಜಿ ಗ್ಯಾಸ್ ಉರಿದರೆ ಅದರಿಂದಲೇ ಒಂದೂವರೆ ಕೆಜಿಗೂ ಮಿಕ್ಕಿ ನೀರಾವಿ ಹುಟ್ಟುತ್ತದೆ, ಪಾತ್ರೆಯಿಂದ ಏಳುವ ಹಬೆ ಬೇರೆ. ಅದೆಲ್ಲ ತಗಡಿನ ಮಾಡಿಗೆ ಅಂಟಿ ರಾತ್ರಿ ತಣಿದಾಗ ಮಲಗಿದವರ ಮುಖಕ್ಕೆ ತೊಟ್ಟಿಕ್ಕುತ್ತದೆ ಅಂದ ಮೈದುನ, ಅನುಭವದ ಮಾತು. ಅನ್ನವೂ ಮೂರು ಕಲ್ಲಿಗೇ ಹೋಯಿತು. ಬರುವಾಗ ಮಟ್ಟುವಿನಲ್ಲಿ ಕೊಂಡ ಗುಳ್ಳ ಎರಡನ್ನು ಅತ್ತೆ ಪಕ್ಕದ ಕೆಂಡದಲ್ಲಿ ಹೂತರು. 2011ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದೇ ಬೆಳೆ ಎಂಬ ಸರಕಾರಿ ಗುರುತು, ಸಿಕ್ಕಿದ ಬದನೆ ಅದು, ಅಂತ ನಾನು ಮಗಳಿಗೆ ಹೇಳುತ್ತಿದ್ದರೆ ಅತ್ತೆ "ಸಿಪ್ಪೆ ಕಪ್ಪಾಗುವ ತನಕ ಮುಟ್ಬೇಡ" ಎಂದಷ್ಟೇ ಅಂದರು. ಸುಲಿದು, ಕಿವುಚಿ, ಹಸಿಮೆಣಸು, ಹುಳಿ, ತೆಂಗಿನೆಣ್ಣೆ. ಗ್ಯಾಸಿನಲ್ಲಿ ಸುಟ್ಟರೆ ಈ ರುಚಿ ಬರುವುದಿಲ್ಲ, ಬೇಕಾದರೆ ಜಗಳಕ್ಕೆ ಬನ್ನಿ.

ಬಂಗುಡೆಗೆ ಮಾತ್ರ ಅತ್ತೆ ನಮ್ಮನ್ನು ಕಾಯುವಂತೆ ಮಾಡಿದರು. ಮಸಾಲೆ ಮೆತ್ತಿ ಆಗಿತ್ತು, ಎಲ್ಲರಿಗೂ ಹಸಿವು. ಆದರೂ "ನಿಲ್ಲು, ಗಾಳಿ ಬೀಳ್ಲಿ" ಎಂದರು. ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ ನಿಜಕ್ಕೂ ಬಿತ್ತು. ಹಗಲು ನೆಲ ಬೇಗ ಕಾಯುವುದರಿಂದ ಗಾಳಿ ಕಡಲಿಂದ ಬರುತ್ತದೆ, ರಾತ್ರಿ ನೆಲ ಬೇಗ ತಣಿಯುವುದರಿಂದ ಅದೇ ತಿರುಗಿ ಕಡಲಿಗೆ ಹೋಗುತ್ತದೆ. ನಡುವೆ ಎಲೆ ಅಲ್ಲಾಡದ ಒಂದು ಹೊತ್ತು. ಆಗ ಬೀಡಿನ ಕಾವಲಿ ಇಟ್ಟರು. ಎಣ್ಣೆ ಸಿಡಿದದ್ದು ಹೊಯ್ಗೆಗೆ, ಹೊಗೆ ನೆಟ್ಟಗೆ ಮೇಲಕ್ಕೆ. ಹನ್ನೆರಡು ಬಂಗುಡೆ, ಒಂದೂ ಅಡಿ ಹಿಡಿಯಲಿಲ್ಲ.

ಊಟದ ಮೇಲೆ ಸೊಳ್ಳೆ. ಉಳಿದ ಕೆಂಡಕ್ಕೆ ತೆಂಗಿನ ನಾರು ಹಾಕಿ ಒಳಗಿಡುವ ಅಂತ ಇವರು ಮಡಕೆ ಎತ್ತಿಕೊಂಡೇ ಬಂದರು, ಊರ ಮನೆಯಲ್ಲಿ ಮಾಡುವ ಹಾಗೆ. ಊರ ಮನೆಯಲ್ಲಾದರೆ ಹೊಗೆ ಹಂಚಿನ ಸಂದಿಯಲ್ಲಿ ಹೋಗುತ್ತದೆ, ಇದು ಡಬ್ಬಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಮಲಗಿದವರಿಗೆ ಗೊತ್ತೂ ಆಗುವುದಿಲ್ಲ. ಕೆಂಡಕ್ಕೆ ನಾನೇ ನೀರು ಸುರಿದೆ. ಸೊಳ್ಳೆ ಕಚ್ಚುತ್ತಿದೆ, ಕಚ್ಚಲಿ.

29 ಡಿಸೆಂಬರ್, ಭಾನುವಾರ ಬೆಳಿಗ್ಗೆ

ನೀರುದೋಸೆ ಹೊರಗೆ ಆಗಲಿಲ್ಲ. ಎರಡು ಹೊಯ್ದು ನೋಡಿದೆ. ಗಾಳಿ ತಾಗಿದ ಬದಿ ಹಸಿಹಸಿ, ಇನ್ನೊಂದು ಬದಿ ಗರಿಗರಿ, ಏಳುವುದೇ ಇಲ್ಲ. ಒಳಗೆ ಹೋದೆ. ನಿನ್ನೆ ಕಡಲ ಗಾಳಿ ನುಗ್ಗದಿರಲೆಂದು ಬಾಗಿಲನ್ನು ಪೂರ್ವಕ್ಕೆ ಮಾಡಿ ನಿಲ್ಲಿಸಿದ್ದೆವು. ಈಗ ಗಾಳಿ ಪೂರ್ವದಿಂದಲೇ! ಬಾಗಿಲು ತೆರೆದರೆ ಒಲೆ ಆರುತ್ತದೆ, ಎಲ್ಲ ಮುಚ್ಚುವ ಹಾಗೂ ಇಲ್ಲ. ಕೊನೆಗೆ ಬಾಗಿಲು ಹಾಕಿ, ಮಾಡಿನ ಗವಾಕ್ಷಿ ಎತ್ತಿ, ಕಡಲ ಬದಿಯ ಕಿಟಕಿ ಪೂರ್ತಿ ತೆರೆದೆ. ಉರಿ ನೆಟ್ಟಗೆ ನಿಂತಿತು.

ಒಂದೊಂದೇ ದೋಸೆಯನ್ನು ಮಡಚಿ ಆ ಕಿಟಕಿಯಿಂದ ಹೊರಗೆ ದಾಟಿಸಿದೆ. ಇವರು ಎರಡು ಸಲ ಸಾಲಿನಲ್ಲಿ ನಿಂತು ಏನೂ ಗೊತ್ತಿಲ್ಲದವರ ಹಾಗೆ ಕೈ ಚಾಚಿದರು. ಅತ್ತೆ ಬಟ್ಟಲು ಹಿಡಿದು "ಬೆಲ್ಲ ತೆಂಗಿನಕಾಯಿಯೂ ಅಲ್ಲಿಂದ್ಲೇ ಕೊಡು ಮಾರಾಯ್ತಿ" ಅಂದರು. ಅದು ಜೀಪಿನಲ್ಲಿತ್ತು.