ತಲೆಯ ಮೇಲೆ 80 ಕೆಜಿ

ನನ್ನ ಪಿಕಪ್ ಟ್ರಕ್ಕಿನ ಹಿಂಬದಿಗೆ ಒಂದು ಫೈಬರ್‌ಗ್ಲಾಸ್ ಕ್ಯಾಪ್ ಇದೆ. ಎರಡೂ ಪಕ್ಕ ಕಿಟಕಿ, ಹಿಂದೆ ಮೇಲಕ್ಕೆ ತೆರೆಯುವ ಗಾಜಿನ ಬಾಗಿಲು ಇರುವ ಗಟ್ಟಿ ಮುಚ್ಚಳ ಅದು. ಪ್ರವಾಸಕ್ಕೆ ಹೊರಟರೆ ಬೇಕೇ ಬೇಕು. ಸಾಮಾನು ನೆನೆಯುವುದಿಲ್ಲ, ರಾತ್ರಿ ಒಳಗೇ ಮಲಗಬಹುದು. ಆದರೆ ಮಣ್ಣನ್ನೋ ಹಳೇ ಫ್ರಿಜ್ಜನ್ನೋ ಸಾಗಿಸುವ ದಿನ ಅದೇ ಅಡ್ಡಿ. ತೆಗೆಯಲೇಬೇಕು. ತೆಗೆದು ಎಲ್ಲಿಡೋದು?

ಮೊದಲೆಲ್ಲ ನಾಲ್ಕು ಜನ ಸೇರಿ ಎತ್ತಿ, ಹಿತ್ತಲಲ್ಲಿ ಹಳೇ ಟೈರುಗಳ ಮೇಲೆ ಇಡುತ್ತಿದ್ದೆವು. ಹೋದ ವರ್ಷ ಹಾಗೆ ಎತ್ತುವಾಗ ಭಾವನವರ ಸೊಂಟ ಹಿಡಿದುಕೊಂಡಿತು. ಮೂರು ವಾರ ಬಗ್ಗಿ ಚಪ್ಪಲಿ ಹಾಕಿಕೊಳ್ಳಲೂ ಆಗದೆ ಒದ್ದಾಡಿದರು. ನನಗೆ ಮಾತ್ರ ಒಂದು ಮಾತೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿತು. ಇನ್ನು ಯಾರ ಬೆನ್ನಿಗೂ ಈ ಭಾರ ಹೊರಿಸಲ್ಲ, ಗ್ಯಾರೇಜಿನ ಚಾವಣಿಗೆ ರಾಟೆ ಕಟ್ಟಿ ಮೇಲಕ್ಕೆ ಎಳೆದು ನಿಲ್ಲಿಸ್ತೀನಿ ಅಂತ ಅವತ್ತೇ ತೀರ್ಮಾನ ಮಾಡಿದೆ.

ಟೇಪು ಹಿಡಿದು ಅಳೆದಾಗ ಮೊದಲ ಪೆಟ್ಟು ಬಿತ್ತು. ಚಾವಣಿ ಇರುವುದು 8 ಅಡಿ. ಕ್ಯಾಪಿನ ಎತ್ತರ 2 ಅಡಿ. ರಾಟೆ, ಕೊಕ್ಕೆಗಳಿಗೆ ಅರ್ಧ ಅಡಿ ಬಿಟ್ಟರೆ ಕ್ಯಾಪಿನ ತಳ ನೆಲದಿಂದ ಐದೂವರೆ ಅಡಿಗೆ ನಿಲ್ಲುತ್ತದೆ. ಟ್ರಕ್ಕಿನ ಕ್ಯಾಬಿನ್ನೇ 6 ಅಡಿ 3 ಇಂಚು. ಅದರ ಕೆಳಗೆ ಟ್ರಕ್ ತೂರುವುದಾದರೂ ಹೇಗೆ? ಎರಡು ದಿನ ಕಾಗದದ ಮೇಲೆ ಗೀಚಿದೆ. ಪಕ್ಕದಲ್ಲಿ ಕೂತು ನೋಡುತ್ತಿದ್ದ ಮಗಳು, "ಅಪ್ಪಾ, ರಿವರ್ಸಲ್ಲಿ ಬಂದ್ರೆ ಆಗಲ್ವಾ?" ಅಂದಳು.

ಹೌದಲ್ಲ! ಹಿಂದೆ ಹಿಂದೆ ಬಂದರೆ ಒಳಗಿನ ಗೋಡೆಯ ಹತ್ತಿರ ಹೋಗುವುದು ಸಾಮಾನು ತುಂಬುವ ತೊಟ್ಟಿ. ಕ್ಯಾಬಿನ್ ಬಾಗಿಲ ಕಡೆಗೇ ಉಳಿಯುತ್ತದೆ. ತೊಟ್ಟಿಯ ಅಂಚಿನ ಎತ್ತರ ನಾಲ್ಕೂವರೆ ಅಡಿ. ಒಂದಡಿ ಜಾಗ ಇನ್ನೂ ಮಿಕ್ಕಿತು. ಗ್ಯಾರೇಜಿನ ಬಾಗಿಲು ತೆರೆದಾಗ ಚಾವಣಿಯಡಿ ಸರಿದು ಬಂದು ನಿಲ್ಲುತ್ತದಲ್ಲ, ಅದರ ಹಳಿಗೂ ಮೋಟಾರಿಗೂ ಕ್ಯಾಪ್ ಸಿಗದಂತೆ ಹಿಂದಿನ ಗೋಡೆಗೆ ಒತ್ತಿ ಜಾಗ ಗುರುತು ಮಾಡಿದೆ.

ಆಮೇಲೆ ತೂಕ. ಅಂದಾಜಿನ ಮೇಲೆ ಇಂಥ ಕೆಲಸ ಮಾಡಬಾರದು. ಸ್ನಾನದ ಮನೆಯ ತೂಕದ ಯಂತ್ರದ ಮೇಲೆ ಹಲಗೆ ಇಟ್ಟು, ಕ್ಯಾಪಿನ ಒಂದೊಂದೇ ತುದಿ ಕೂರಿಸಿ ನೋಡಿದೆ. ಮುಂದಿನ ತುದಿ 34 ಕೆಜಿ, ಹಿಂದಿನದು 46. ಗಾಜಿನ ಬಾಗಿಲಿನ ಭಾರವೆಲ್ಲ ಹಿಂದಕ್ಕೇ. ಒಟ್ಟು 80.

ನಾಲ್ಕು ಮೂಲೆಗೆ ನಾಲ್ಕು ಹಗ್ಗ, ನಾಲ್ಕು ರಾಟೆ. ನಾಲ್ಕೂ ಹಗ್ಗ ಒಂದೇ ಕಡೆ ಬಂದು ಒಂದೇ ಬಳೆಗೆ ಸೇರಬೇಕು. ಆ ಬಳೆಯಿಂದ ಒಂದೇ ಹಗ್ಗ ಕೊನೆಯ ರಾಟೆ ಸುತ್ತಿ ಗೋಡೆಯ ವಿಂಚಿಗೆ, ಅಂದರೆ ಹಿಡಿ ತಿರುಗಿಸಿ ಹಗ್ಗ ಸುತ್ತುವ ಯಂತ್ರಕ್ಕೆ, ಇಳಿಯಬೇಕು. ಹೀಗೆ ಮಾಡಿದರೆ ಎಲ್ಲ ಮೂಲೆಯೂ ಸಮವಾಗಿ ಏರುತ್ತದೆ. ಹಗ್ಗ ನೈಲಾನಿನದು ಬೇಡ, ಅದು ಭಾರಕ್ಕೆ ಹಿಗ್ಗುತ್ತದೆ. ಪಾಲಿಯೆಸ್ಟರ್ ಹಾಕಿದೆ.

ನನಗೆ ನಿದ್ದೆಗೆಡಿಸಿದ್ದು ಆ ಕೊನೆಯ ರಾಟೆ. ಮೂಲೆಯ ರಾಟೆಗಳು ಭಾರವನ್ನು ಹಂಚಿಕೊಳ್ಳುತ್ತವೆ. ಕೊನೆಯದರಲ್ಲಿ ಮಾತ್ರ ಪೂರಾ 80 ಕೆಜಿಯ ಎಳೆತ ಅಡ್ಡದಿಂದ ಕೆಳಕ್ಕೆ ತಿರುಗುತ್ತದೆ. ಎರಡು ಕಡೆಯಿಂದಲೂ ಜಗ್ಗುವುದರಿಂದ ಅದರ ಬೋಲ್ಟಿನ ಮೇಲೆ ಬೀಳುವುದು ಸುಮಾರು 113 ಕೆಜಿ. ನೇತಾಡುವ ವಸ್ತುವಿಗಿಂತ ಅದನ್ನು ಹಿಡಿದ ಬೋಲ್ಟಿಗೇ ಜಾಸ್ತಿ ಭಾರ. ಇದು ಗೊತ್ತಿಲ್ಲದೆ ಚಾವಣಿಯ ಜಿಪ್ಸಂ ಹಲಗೆಗೆ ಕೊಕ್ಕೆ ತಿರುಗಿಸಿ ಕೂರಿಸಿದ್ದರೆ? ನೆನೆಸಿಕೊಂಡರೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ಹಲಗೆಯ ಹಿಂದೆ ಮರದ ತೊಲೆಗಳಿರುತ್ತವೆ. ಅವನ್ನು ಹುಡುಕಲು ಒಂದು ಅಯಸ್ಕಾಂತ ಸಾಕು. ಹಲಗೆಯ ಸ್ಕ್ರೂಗಳು ತೊಲೆಯ ಸಾಲಿನಲ್ಲೇ ಇರುವುದರಿಂದ ಅದು ಟಕ್ ಅಂತ ಅಂಟಿಕೊಳ್ಳುತ್ತದೆ. ನಮ್ಮಲ್ಲಿ 16 ಇಂಚಿಗೊಂದು ಸಿಕ್ಕಿತು. ಎರಡಿಂಚಿನ ತೊಲೆ ಅಂತ ಕರೆದರೂ ನಿಜವಾದ ದಪ್ಪ ಒಂದೂವರೆ ಇಂಚು ಅಷ್ಟೇ. ಮುಕ್ಕಾಲು ಇಂಚು ಆಚೀಚೆ ಆದರೂ ಬೋಲ್ಟಿಗೆ ಹಿಡಿತ ಸಿಗುವುದಿಲ್ಲ. ಅದಕ್ಕೇ ಮೊದಲು ಡ್ರಿಲ್ಲಿಗೆ ಸಣ್ಣ ಮೊನೆ ಹಾಕಿ ತೂತು ಕೊರೆದು, ಮರದ ಪುಡಿ ಉದುರುತ್ತಾ ಇದೆಯಾ ಅಂತ ನೋಡಿದೆ. ಬಿಳಿ ಪುಡಿ ಬಂದು ಡ್ರಿಲ್ಲಿನ ಮೊನೆ ಸರ್ರನೆ ಒಳಗೆ ಹೋದರೆ ತೊಲೆ ತಪ್ಪಿತು ಅಂತ ಅರ್ಥ. ನಾಲ್ಕು ತೊಲೆಗಳನ್ನು ಅಡ್ಡ ಹಾಯುವಂತೆ ದಪ್ಪ ಮರದ ಪಟ್ಟಿಗಳನ್ನು ಬಿಗಿದು, ರಾಟೆಗಳನ್ನು ಅವುಗಳಿಗೆ ಹಾಕಿದೆ. ಭಾರ ಒಂದೇ ತೊಲೆಯ ಮೇಲೆ ಬೀಳಬಾರದಲ್ಲ.

ಎತ್ತುವ ದಿನ ಭಾವನವರು ಬಂದರು. ಅವರನ್ನು ಬರೀ ನೋಡೋಕೆ ಕರೆದಿದ್ದೆ. ಕ್ಯಾಪನ್ನು ಹಿಡಿದಿದ್ದ ಆರು ಕ್ಲಾಂಪು ಬಿಚ್ಚಿದೆ. ಕ್ಯಾಪಿನಡಿ ಮುಂದೊಂದು ಹಿಂದೊಂದು ಅಡ್ಡಪಟ್ಟಿ ತೂರಿಸಿ, ಅವುಗಳ ತುದಿಗೆ ಹಗ್ಗ ಕಟ್ಟಿದೆ. ಪೇಂಟು ಗೀಚದಿರಲಿ ಅಂತ ಪಟ್ಟಿಗಳಿಗೆ ಹಳೇ ಕಂಬಳಿ ಸುತ್ತಿದ್ದೆ. ವಿಂಚಿನ ಹಿಡಿ ತಿರುಗಿಸಲು ಶುರು ಮಾಡಿದೆ. ಹಗ್ಗಗಳು ಬಿಗಿದವು. ತೊಟ್ಟಿಯ ಅಂಚಿಗೆ ಅಂಟಿಕೊಂಡಿದ್ದ ಫೋಮಿನ ಪಟ್ಟಿ ಚರಚರ ಅಂತ ಬಿಟ್ಟುಕೊಂಡಿತು. ಒಂದು ಇಂಚು, ಎರಡು ಇಂಚು. ಮೂರು ಮೂಲೆ ಏರಿತು, ಎಡಗಡೆ ಮುಂದಿನದು ಏರಲೊಲ್ಲದು. ಅದೂ ಅಂಟಿಕೊಂಡಿದೆ ಅಂದುಕೊಂಡು ಇನ್ನೊಂದು ಸುತ್ತು ತಿರುಗಿಸಿದೆ.

"ಅಪ್ಪಾ, ನಿಲ್ಸಿ! ವೈರು!"

ಕ್ಯಾಪಿನ ಬ್ರೇಕ್ ದೀಪದ ವೈರನ್ನು ನಾನು ಬಿಚ್ಚಿರಲೇ ಇಲ್ಲ. ಮೂಲೆಯಲ್ಲಿ ಕ್ಲಿಪ್ಪಿಗೆ ಸಿಕ್ಕಿಸಿದ್ದ ಅದು ತಂತಿವಾದ್ಯದ ತಂತಿಯ ಹಾಗೆ ಬಿಗಿದು ನಿಂತಿತ್ತು. ಹಿಡಿ ಬಿಟ್ಟೆ. ಬ್ರೇಕ್ ಇರುವ ವಿಂಚು ಆದ್ದರಿಂದ ಕ್ಯಾಪ್ ಇದ್ದಲ್ಲೇ ನಿಂತಿತು. ಹಲ್ಲಿನ ಚಕ್ರ ಮಾತ್ರ ಇರುವ ವಿಂಚುಗಳಲ್ಲಿ ಇಳಿಸುವಾಗ ಕೊಂಡಿ ತೆಗೆದು, ಪೂರಾ ಭಾರ ಕೈಯಲ್ಲೇ ಹಿಡಿಯಬೇಕು. ಕೈ ಜಾರಿದರೆ ಹಿಡಿ ಗಿರಗಿರ ತಿರುಗಿ ಮಣಿಕಟ್ಟು ಮುರಿಯುತ್ತದೆ. ನಾನು ಮೆಲ್ಲಗೆ ಹಿಂದಕ್ಕೆ ತಿರುಗಿಸಿ ಎರಡಿಂಚು ಇಳಿಸಿದೆ. ಮಗಳು ಪ್ಲಗ್ಗನ್ನು ಚಿಮ್ಮಿ ಬಿಡಿಸಿದಳು. ವೈರಿನ ಹೊದಿಕೆ ಒಂದು ಕಡೆ ಸ್ವಲ್ಪ ಬೆಳ್ಳಗಾಗಿತ್ತು, ಕಿತ್ತಿರಲಿಲ್ಲ.

ಎರಡನೇ ಸಲ ಸಲೀಸಾಗಿ ಏರಿತು. ಮೇಲೆ ಹೋದ ಮೇಲೆ ನಾಲ್ಕು ಮೂಲೆಗೂ ಬೇರೆ ಬೋಲ್ಟುಗಳಿಂದ ಸರಪಳಿ ಹಾಕಿ, ವಿಂಚನ್ನು ಅರ್ಧ ಇಂಚು ಸಡಿಲಿಸಿದೆ. ಈಗ ಭಾರವೆಲ್ಲ ಸರಪಳಿಯ ಮೇಲೆ, ಹಗ್ಗಕ್ಕೆ ಬಿಡುವು. ತಿಂಗಳುಗಟ್ಟಲೆ ನೇತಾಡುವ ವಸ್ತುವನ್ನು ಒಂದು ಹಗ್ಗ, ಒಂದು ವಿಂಚು ನಂಬಿ ಬಿಡಲು ನನಗೆ ಮನಸ್ಸು ಬರಲಿಲ್ಲ. ಅದರ ಕೆಳಗೆ ಮಗಳು ಸೈಕಲ್ ತಳ್ಳಿಕೊಂಡು ಓಡಾಡುತ್ತಾಳೆ.

ಮುಂದಿನ ಪ್ರವಾಸಕ್ಕೆ ಇಳಿಸುವ ದಿನ ಬಂತು. ಟ್ರಕ್ಕನ್ನು ರಿವರ್ಸಲ್ಲಿ ತಂದು, ಗೋಡೆಗೆ ಕಟ್ಟಿದ್ದ ಟೆನಿಸ್ ಚೆಂಡು ಹಿಂದಿನ ಗಾರ್ಡಿಗೆ ತಾಗುತ್ತಲೇ ನಿಲ್ಲಿಸಿದೆ. ಮೊದಲು ವಿಂಚು ತಿರುಗಿಸಿ ಭಾರವನ್ನು ಮತ್ತೆ ಹಗ್ಗಕ್ಕೆ ತಂದೆ. ಸರಪಳಿ ಬಿಚ್ಚಿ ವಿಂಚಿನ ಹತ್ತಿರ ವಾಪಸು ಹೋದರೆ ಭಾವನವರು ಆಗಲೇ ಅಲ್ಲಿ ನಿಂತಿದ್ದರು.

"ಕೊಡೋ, ಈ ಸಲ ನಾನು ತಿರುಗಿಸ್ತೀನಿ."

"ಬೇಡ ಭಾವ, ನಿಮ್ಮ ಸೊಂಟ..."

"ಇದಕ್ಕೆ ಸೊಂಟ ಯಾಕೋ ಬೇಕು?"

ನಿಜ. ನೆಟ್ಟಗೆ ನಿಂತುಕೊಂಡು ಒಂದೇ ಕೈಯಲ್ಲಿ ತಿರುಗಿಸಿದರು. ಕ್ಯಾಪ್ ಇಳಿದು ಇಳಿದು ತೊಟ್ಟಿಯ ಅಂಚಿನ ಮೇಲೆ ಕೂತಿತು. ಅಡ್ಡಪಟ್ಟಿ ಎಳೆದು ಆರು ಕ್ಲಾಂಪು ಬಿಗಿದೆವು. ಮಗಳು ವೈರು ಸಿಕ್ಕಿಸಿ, ಹಿಂದಿನ ಮೂಲೆಯಿಂದ ಬ್ರೇಕ್ ದೀಪದ ಕಡೆ ಇಣುಕಿ ನಿಂತಳು. ನಾನು ಒಳಗೆ ಕೂತು ಬ್ರೇಕ್ ಒತ್ತಿದೆ.

"ಹತ್ಕೊಂಡ್ತು, ಅಪ್ಪಾ!"