14 ಕಿಲೋ ಗಾಂಜಾ, ನಾನು ಎಣಿಸದೆ ಬಿಟ್ಟ 60 ದಿನ

ಎನ್‌ಡಿಪಿಎಸ್ (ಮಾದಕವಸ್ತು ಕಾಯ್ದೆ) ಪ್ರಕರಣಗಳಲ್ಲಿ ವಕಾಲತ್ತು ವಹಿಸಲು ಆರಂಭಿಸಿದ ವರ್ಷವೇ ನಾನು ಮಾಡಿದ ತಪ್ಪಿನಿಂದ, ಜಾಮೀನು ಪಡೆಯುವ ಹಕ್ಕಿದ್ದ ಯುವಕನೊಬ್ಬ ಜೈಲಿನಲ್ಲೇ ಉಳಿಯಬೇಕಾಯಿತು. ಮಹಜರಿನ ಪ್ರಕಾರ ಅವನಲ್ಲಿ ಸಿಕ್ಕ ಗಾಂಜಾ 14 ಕಿಲೋ. ಮಾದಕವಸ್ತು ಪ್ರಕರಣವೆಂದ ಮೇಲೆ ದೋಷಾರೋಪಣಾ ಪಟ್ಟಿ ಸಲ್ಲಿಸಲು ಪೊಲೀಸರಿಗೆ 180 ದಿನ ಇದ್ದೇ ಇರುತ್ತದೆ ಎಂದು ನಾನು ನಂಬಿದ್ದೆ. ಆದರೆ 36ಎ(4)ನೇ ಕಲಂ ಆ ಅವಧಿಯನ್ನು ಕೊಡುವುದು ವಾಣಿಜ್ಯ ಪ್ರಮಾಣದ ಪ್ರಕರಣಗಳಿಗೆ ಹಾಗೂ 19, 24, 27ಎ ಕಲಂಗಳ ಅಪರಾಧಗಳಿಗೆ ಮಾತ್ರ. ಗಾಂಜಾ 20 ಕಿಲೋ ಮೀರಿದರಷ್ಟೇ ಅದು ವಾಣಿಜ್ಯ ಪ್ರಮಾಣ. 14 ಕಿಲೋಗೆ ಶಿಕ್ಷೆ 10 ವರ್ಷದವರೆಗೆ ಇರಬಹುದೇ ಹೊರತು ಕನಿಷ್ಠ 10 ವರ್ಷವಲ್ಲವಾದ್ದರಿಂದ, ಸುಪ್ರೀಂ ಕೋರ್ಟಿನ 2017ರ ರಾಕೇಶ್ ಕುಮಾರ್ ಪಾಲ್ ತೀರ್ಪನ್ನು ಅನ್ವಯಿಸಿದರೆ ಗಡುವು 60 ದಿನಕ್ಕೇ ಮುಗಿಯುತ್ತದೆ. ಪಟ್ಟಿ ಬಂದದ್ದು 71ನೇ ದಿನ. ನಡುವಿನ ಹತ್ತು ದಿನಗಳಲ್ಲಿ ಯಾವ ದಿನ ಅರ್ಜಿ ಹಾಕಿದ್ದರೂ ಶಾಸನಬದ್ಧ ಜಾಮೀನು, ಅಂದರೆ ಗಡುವಿನೊಳಗೆ ಪಟ್ಟಿ ಬಾರದಿದ್ದಾಗ ಆರೋಪಿಗೆ ಹಕ್ಕಾಗಿ ದಕ್ಕುವ ಜಾಮೀನು, ಸಿಗುತ್ತಿತ್ತು. ಪಟ್ಟಿ ಸಲ್ಲಿಕೆಯಾದ ಮೇಲೆ ಆ ಹಕ್ಕು ಉಳಿಯುವುದಿಲ್ಲ. “ಇನ್ನೆಷ್ಟು ದಿನ ಸಾರ್?” ಎಂದು ಕೇಳಿಕೊಂಡು ಬಂದ ಅವನ ತಾಯಿಗೆ ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಆಕೆ ಬಹಳ ಹೊತ್ತು ಮಾತಾಡಲಿಲ್ಲ.

ಅಂದಿನಿಂದ ವಕಾಲತ್ತಿಗೆ ಸಹಿಯಾದ ಕೂಡಲೇ ಆರ್ಡರ್ ಶೀಟ್ ತೆರೆದು, ಮೊದಲ ರಿಮ್ಯಾಂಡ್ (ಆರೋಪಿಯನ್ನು ಬಂಧನದಲ್ಲಿಡಲು ನ್ಯಾಯಾಲಯ ಕೊಡುವ ಆದೇಶ) ಆದ ದಿನಾಂಕವನ್ನೂ ವಶಪಡಿಸಿಕೊಂಡ ತೂಕವನ್ನೂ ಫೈಲಿನ ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆಯುತ್ತೇನೆ. ಲೆಕ್ಕ ಆರಂಭವಾಗುವುದು ಬಂಧನದ ದಿನದಿಂದಲ್ಲ, ರಿಮ್ಯಾಂಡ್ ಆದ ದಿನದಿಂದ. ಆ ದಿನವನ್ನೂ ಸೇರಿಸಿಯೇ ಎಣಿಸಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ ಹೇಳಿದೆ. ಜಾಮೀನಿಗೆ ಕಠಿಣ ಷರತ್ತು ಹಾಕುವ 37ನೇ ಕಲಂ ಈ ಹಕ್ಕಿಗೆ ಅಡ್ಡಿಯಲ್ಲ ಎಂಬುದು 1995ರಲ್ಲೇ ಇತ್ಯರ್ಥವಾಗಿದೆ. ಇಷ್ಟಾದರೂ 37 ಎಂದೊಡನೆ ಕೈಚೆಲ್ಲುವ ಕಿರಿಯ ವಕೀಲರನ್ನು ಇಂದಿಗೂ ಕಾಣುತ್ತೇನೆ, ಅದು ನನಗೆ ನೋವಿನ ಸಂಗತಿ.

ವಾಣಿಜ್ಯ ಪ್ರಮಾಣವಿದ್ದಾಗ ಎಚ್ಚರ ಇನ್ನೂ ಹೆಚ್ಚು ಬೇಕು, ಏಕೆಂದರೆ ವಿಶೇಷ ನ್ಯಾಯಾಲಯ ಅವಧಿಯನ್ನು ಒಂದು ವರ್ಷದವರೆಗೆ ವಿಸ್ತರಿಸಬಹುದು. ಅದಕ್ಕೆ ತನಿಖೆಯ ಪ್ರಗತಿಯನ್ನೂ ಬಂಧನ ಮುಂದುವರಿಸಲು ನಿರ್ದಿಷ್ಟ ಕಾರಣಗಳನ್ನೂ ತಿಳಿಸುವ ಸರ್ಕಾರಿ ಅಭಿಯೋಜಕರ ವರದಿ ಬೇಕು. ತನಿಖಾಧಿಕಾರಿಯ ಪತ್ರಕ್ಕೆ ಅವರು ಸಹಿ ಹಾಕಿ ಕಳುಹಿಸಿದರೆ ಅದು ವರದಿಯಾಗುವುದಿಲ್ಲ.

ಮುಂದೊಂದು ಪ್ರಕರಣದಲ್ಲಿ ಅಂಥ ವರದಿ ಬಂದಿರಲಿಲ್ಲ. 181ನೇ ದಿನ ಕಲಾಪ ಆರಂಭವಾಗುವ ಮೊದಲೇ ಅರ್ಜಿ ಸಲ್ಲಿಸಿ, ಸ್ವೀಕೃತಿಯ ಮುದ್ರೆಯ ಪಕ್ಕದಲ್ಲಿ ವೇಳೆಯನ್ನೂ ಬರೆಸಿಕೊಂಡೆ. ಮಧ್ಯಾಹ್ನ ಪಟ್ಟಿ ಬಂತು. 2020ರ ಎಂ. ರವೀಂದ್ರನ್ ತೀರ್ಪನ್ನು ಮುಂದಿಟ್ಟು, ಅರ್ಜಿ ಮೊದಲೇ ಬಿದ್ದಿರುವಾಗ ನಂತರದ ಪಟ್ಟಿ ಹಕ್ಕನ್ನು ಕಸಿಯದು ಎಂದು ವಾದಿಸಿದೆ. ಜಾಮೀನು ಮಂಜೂರಾಯಿತು, ಶ್ಯೂರಿಟಿಗೆ ಬಂದಿದ್ದ ಆರೋಪಿಯ ಚಿಕ್ಕಪ್ಪ ಪಹಣಿಯನ್ನು ಕೈಯಲ್ಲಿ ಹಿಡಿದು ಹೊರಗೆ ಕಾಯುತ್ತಿದ್ದರು.