ಆನ್ ಕೋಟ್ಸ್: ಕತ್ತರಿಸದೆ ಕಾಯುವುದನ್ನು ಬಲ್ಲ ಸಂಕಲನಕಾರ್ತಿ

ಬ್ರಿಟಿಷ್ ಚಲನಚಿತ್ರ ಸಂಕಲನಕಾರ್ತಿ ಆನ್ ವಿ. ಕೋಟ್ಸ್ ಅವರ ಹೆಸರು ಬಂದಲ್ಲೆಲ್ಲ ಒಂದೇ ಒಂದು ಕಟ್‌ನ, ಅಂದರೆ ಒಂದು ದೃಶ್ಯದಿಂದ ಇನ್ನೊಂದಕ್ಕೆ ನೇರವಾಗಿ ಹಾರುವ ಜೋಡಣೆಯ, ಪ್ರಸ್ತಾಪ ಬಂದೇ ಬರುತ್ತದೆ. ‘ಲಾರೆನ್ಸ್ ಆಫ್ ಅರೇಬಿಯಾ’ ಚಿತ್ರದಲ್ಲಿ ನಟ ಪೀಟರ್ ಒ’ಟೂಲ್ ಉರಿಯುವ ಬೆಂಕಿಕಡ್ಡಿಯನ್ನು ಮುಖದ ಹತ್ತಿರ ಹಿಡಿದು ಊದುತ್ತಾರೆ, ಮರುಕ್ಷಣವೇ ತೆರೆಯ ತುಂಬ ಮರುಭೂಮಿಯ ದಿಗಂತ, ಸೂರ್ಯ ಇನ್ನೇನು ಮೂಡಬೇಕಾದ ಕೆಂಪು ಆಕಾಶ. ಆ ಕಟ್‌ಗೆ ಸಿಕ್ಕ ಖ್ಯಾತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅರವತ್ತು ವರ್ಷ ಮೀರಿದ ವೃತ್ತಿಜೀವನವನ್ನು ಅದೊಂದಕ್ಕೇ ಕಟ್ಟಿಹಾಕಿದರೆ ಅವರ ನಿಜವಾದ ಶಕ್ತಿ ನಮ್ಮ ಕಣ್ಣಿಗೆ ಬೀಳದೆ ಹೋಗುತ್ತದೆ. ಎಲ್ಲಿ ಕತ್ತರಿಸಬಾರದು ಎಂಬುದನ್ನು ಅವರಷ್ಟು ಚೆನ್ನಾಗಿ ಅರಿತವರು ವಿರಳ ಎಂಬುದು ನನ್ನ ಬಲವಾದ ನಂಬಿಕೆ.

ಕೋಟ್ಸ್ ಹುಟ್ಟಿದ್ದು 1925ರ ಡಿಸೆಂಬರ್‌ನಲ್ಲಿ, ಇಂಗ್ಲೆಂಡಿನ ಸರ್ರೆ ಕೌಂಟಿಯ ರೈಗೇಟ್‌ನಲ್ಲಿ. ಚಿಕ್ಕಂದಿನಲ್ಲಿ ಅವರಿಗೆ ಇದ್ದದ್ದು ಕುದುರೆಗಳ ಹುಚ್ಚು. ಮುಂದೆ ಈಸ್ಟ್ ಗ್ರಿನ್‌ಸ್ಟೆಡ್‌ನ ಆಸ್ಪತ್ರೆಯಲ್ಲಿ ದಾದಿಯಾಗಿ ಕೆಲಸ ಮಾಡಿದರು. ಯುದ್ಧದಲ್ಲಿ ವಿಮಾನದ ಬೆಂಕಿಗೆ ಸಿಕ್ಕಿ ಮುಖ, ಕೈಗಳನ್ನು ಸುಟ್ಟುಕೊಂಡ ಸೈನಿಕರಿಗೆ ಆರ್ಚಿಬಾಲ್ಡ್ ಮ್ಯಾಕಿಂಡೊ ಎಂಬ ಶಸ್ತ್ರವೈದ್ಯರು ಹೊಸ ಚರ್ಮ ಕಸಿಮಾಡುತ್ತಿದ್ದ ಆಸ್ಪತ್ರೆ ಅದು. ಸಿನಿಮಾ ಸೇರುವ ಆಸೆಯನ್ನು ಹೇಳಿಕೊಂಡಾಗ, ಬ್ರಿಟಿಷ್ ಚಿತ್ರೋದ್ಯಮದ ದೊಡ್ಡ ಧಣಿಯಾಗಿದ್ದ ಸೋದರಮಾವ ಜೆ. ಆರ್ಥರ್ ರ‍್ಯಾಂಕ್ ಆಕೆಯನ್ನು ತಾವು ಪೋಷಿಸುತ್ತಿದ್ದ ಧಾರ್ಮಿಕ ಚಿತ್ರಗಳ ಘಟಕಕ್ಕೆ ಕಳುಹಿಸಿದರು. ಅಲ್ಲಿನ ಸಪ್ಪೆ ಕೆಲಸದಲ್ಲಿ ಆಸೆ ತಾನಾಗಿಯೇ ಆರಿಹೋದೀತು ಎಂಬುದು ಅವರ ಲೆಕ್ಕಾಚಾರವಾಗಿತ್ತು. ಸೋದರಸೊಸೆ ಅಲ್ಲಿಯೇ ಫಿಲ್ಮ್ ಅಂಟಿಸುವುದನ್ನು ಕಲಿತು, ಸಹಾಯಕಿಯಾಗಿ ದೊಡ್ಡ ಸ್ಟುಡಿಯೊಗಳನ್ನು ಹೊಕ್ಕು, 1952ರ ‘ದಿ ಪಿಕ್‌ವಿಕ್ ಪೇಪರ್ಸ್’ ಹೊತ್ತಿಗೆ ಸ್ವತಂತ್ರ ಸಂಕಲನಕಾರ್ತಿಯಾದರು.

ಬೆಂಕಿಕಡ್ಡಿಯ ಕಟ್ ಹುಟ್ಟಿದ ಬಗೆಯನ್ನು ಹೇಳಲೇಬೇಕು, ಏಕೆಂದರೆ ಅದು ಮೊದಲೇ ಯೋಚಿಸಿ ಇಟ್ಟದ್ದಲ್ಲ. ಚಿತ್ರಕಥೆಯಲ್ಲಿ ಬರೆದಿದ್ದದ್ದು ಡಿಸಾಲ್ವ್, ಅಂದರೆ ಒಂದು ದೃಶ್ಯ ಕರಗುತ್ತ ಇನ್ನೊಂದು ಮೂಡುವುದು. ಆಗೆಲ್ಲ ಡಿಸಾಲ್ವ್ ಅನ್ನು ಲ್ಯಾಬ್‌ನಲ್ಲಿ ಪ್ರತ್ಯೇಕವಾಗಿ ಮಾಡಿಸಬೇಕಿತ್ತು. ಅದು ಬರುವವರೆಗೆ ಎರಡು ಶಾಟ್‌ಗಳ ತುದಿಗಳನ್ನು ನೇರವಾಗಿ ಅಂಟಿಸಿ ಇಟ್ಟಿರುತ್ತಿದ್ದರು. ಆ ಪ್ರಿಂಟನ್ನು ಓಡಿಸಿ ನೋಡಿದಾಗ ನೇರ ಕಟ್ಟೇ ಹೆಚ್ಚು ಸೊಗಸಾಗಿ ಕಂಡಿತು. ಬಹುಮಟ್ಟಿಗೆ ಸರಿಯಾಗಿದೆ, ಇನ್ನಷ್ಟು ತಿದ್ದಿ ಪೂರ್ತಿ ಸರಿಮಾಡಿ ಎಂದು ನಿರ್ದೇಶಕ ಡೇವಿಡ್ ಲೀನ್ ಹೇಳಿದರಂತೆ. ಕೋಟ್ಸ್ ತೆಗೆದದ್ದು ಒಂದೆರಡು ಫ್ರೇಮ್, ಅಂದರೆ ಫಿಲ್ಮಿನ ಒಂದೆರಡು ಬಿಡಿಚಿತ್ರ ಮಾತ್ರ. ಒಂದು ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ ಎಂಬುದನ್ನು ನೆನೆದರೆ ಆ ತಿದ್ದುಪಡಿ ಎಷ್ಟು ಸೂಕ್ಷ್ಮವಾದದ್ದೆಂದು ತಿಳಿಯುತ್ತದೆ. ಲೀನ್ ಸ್ವತಃ ಸಂಕಲನಕಾರರಾಗಿ ಬೆಳೆದು ಬಂದವರು. ಮುಂದೆ ನಮ್ಮ ಸಾವನದುರ್ಗ, ರಾಮನಗರಗಳ ಬಂಡೆಗಳ ನಡುವೆ ಚಿತ್ರೀಕರಿಸಿದ ‘ಎ ಪ್ಯಾಸೇಜ್ ಟು ಇಂಡಿಯಾ’ದ ಸಂಕಲನವನ್ನು ಅವರೇ ಮಾಡಿಕೊಂಡರು. ಅಂಥವರ ಎದುರು ಕೂತು ಕೆಲಸ ಮಾಡಿ, ‘ಲಾರೆನ್ಸ್ ಆಫ್ ಅರೇಬಿಯಾ’ಕ್ಕಾಗಿ 1963ರಲ್ಲಿ ಕೋಟ್ಸ್ ಆಸ್ಕರ್ ಪಡೆದರು.

ಇದೇ ಚಿತ್ರದಲ್ಲಿ ಬಾವಿಯ ಬಳಿಯ ಇನ್ನೊಂದು ದೃಶ್ಯವಿದೆ. ದೂರದ ಬಿಸಿಲ್ಗುದುರೆಯಲ್ಲಿ ಕಪ್ಪು ಚುಕ್ಕೆಯೊಂದು ನಡುಗುತ್ತ, ದೊಡ್ಡದಾಗುತ್ತ, ಕೊನೆಗೆ ಒಂಟೆಯ ಮೇಲೆ ಕುಳಿತ ನಟ ಒಮರ್ ಷರೀಫ್ ಆಗುತ್ತದೆ. ಬೇರೆಯವರಾಗಿದ್ದರೆ ಅವಸರಪಟ್ಟು ಸವಾರನ ಮುಖಕ್ಕೆ ಹಾರಿಬಿಡುತ್ತಿದ್ದರೇನೋ. ಇಲ್ಲಿ ನೋಡುಗನೂ ಬಾವಿಯ ಬಳಿ ನಿಂತು ಕಾಯಬೇಕು.

ಆದರೂ ನನ್ನನ್ನು ಹೆಚ್ಚು ಕಲಕಿದ್ದು 1980ರಲ್ಲಿ ಡೇವಿಡ್ ಲಿಂಚ್ ನಿರ್ದೇಶಿಸಿದ ‘ದಿ ಎಲಿಫೆಂಟ್ ಮ್ಯಾನ್’. ವಿಕಾರ ದೇಹದ ಮನುಷ್ಯನೊಬ್ಬನನ್ನು ವೈದ್ಯನ ಪಾತ್ರದ ಆಂಥನಿ ಹಾಪ್ಕಿನ್ಸ್ ಮೊದಲ ಬಾರಿ ಕಾಣುತ್ತಾರೆ. ಸಹಜವಾಗಿ ನಮಗೂ ಆ ಮುಖವನ್ನು ನೋಡುವ ಕುತೂಹಲ. ಚಿತ್ರ ಅದನ್ನು ಸ್ಪಷ್ಟವಾಗಿ ತೋರಿಸುವುದಿಲ್ಲ. ಕ್ಯಾಮೆರಾ ಮೆಲ್ಲನೆ ವೈದ್ಯನ ಮುಖದತ್ತ ಸಾಗುತ್ತದೆ, ರೆಪ್ಪೆ ಮಿಟುಕದ ಆ ಕಣ್ಣಿನಿಂದ ಹನಿಯೊಂದು ಜಾರುತ್ತದೆ. ಆ ಶಾಟ್ ಅನ್ನು ನಡುವೆ ತುಂಡರಿಸಿ ರೋಗಿಯ ಮುಖವನ್ನು ಒಮ್ಮೆ ತೋರಿಸಿದ್ದರೂ ಸಾಕಿತ್ತು, ನಾವೂ ಕಾಸು ಕೊಟ್ಟು ಅವನನ್ನು ನೋಡಲು ಬಂದ ಜಾತ್ರೆಯ ಜನರಾಗಿಬಿಡುತ್ತಿದ್ದೆವು. ಯೌವನದಲ್ಲಿ ಸುಟ್ಟ ಮುಖಗಳ ಆರೈಕೆ ಮಾಡಿದ ಕೈಗಳೇ ಈ ದೃಶ್ಯವನ್ನು ಜೋಡಿಸಿದವು ಎಂಬುದನ್ನು ನಾನು ಮರೆಯಲಾರೆ. ಅವೆರಡರ ನಡುವೆ ನೇರ ಸಂಬಂಧವಿತ್ತೆಂದು ಸಾಧಿಸಲು ಹೊರಟಿಲ್ಲ. ಆದರೂ ಆ ಸಂಯಮದಲ್ಲಿ ನನಗೆ ದಾದಿಯೊಬ್ಬಳ ಗೌರವಭಾವ ಕಾಣುತ್ತದೆ.

ವಯಸ್ಸು ಅವರ ಕೈಯನ್ನು ಹಳತಾಗಿಸಲಿಲ್ಲ. ಫಿಲ್ಮ್ ಅನ್ನು ಬೆರಳಲ್ಲಿ ಹಿಡಿದು ಕಲಿತ ಅವರು ಎಪ್ಪತ್ತರ ಆಸುಪಾಸಿನಲ್ಲಿ ಕಂಪ್ಯೂಟರ್ ಸಂಕಲನಕ್ಕೆ ಒಗ್ಗಿಕೊಂಡರು. 1998ರ ‘ಔಟ್ ಆಫ್ ಸೈಟ್’ನಲ್ಲಿ ಜಾರ್ಜ್ ಕ್ಲೂನಿ ಮತ್ತು ಜೆನಿಫರ್ ಲೋಪೆಝ್ ಹೋಟೆಲಿನ ಬಾರ್‌ನಲ್ಲಿ ಮಾತನಾಡುತ್ತಿದ್ದಾರೆ, ಕಿಟಕಿಯಾಚೆ ಹಿಮ ಬೀಳುತ್ತಿದೆ, ಮಾತು ಇನ್ನೂ ಮುಗಿದಿಲ್ಲ, ಅಷ್ಟರಲ್ಲೇ ಮುಂದೆ ಕೋಣೆಯಲ್ಲಿ ನಡೆಯಲಿರುವ ಮಿಲನದ ತುಣುಕುಗಳು ಆ ಮಾತಿನ ಮೇಲೆಯೇ ತೇಲಿ ಬರುತ್ತವೆ, ನಡುನಡುವೆ ಚಿತ್ರ ಅರೆಗಳಿಗೆ ಸ್ತಬ್ಧವಾಗುತ್ತದೆ. ಕಾಲವನ್ನು ಇಷ್ಟು ಸಲೀಸಾಗಿ ಹಿಂದುಮುಂದಾಗಿಸಿದ ಆಕೆಗೆ ಆಗ ಎಪ್ಪತ್ತು ದಾಟಿತ್ತು. ಆ ಕೆಲಸಕ್ಕೂ ಆಸ್ಕರ್ ನಾಮನಿರ್ದೇಶನ ಬಂತು. ತನ್ನನ್ನು ಮಹಿಳಾ ಸಂಕಲನಕಾರ್ತಿ ಎಂದು ಬೇರೆಯಾಗಿ ನೋಡಿಕೊಂಡಿಲ್ಲ, ಸಂಕಲನಕಾರಳೆಂದಷ್ಟೇ ಭಾವಿಸಿದ್ದೇನೆ ಎಂಬುದು ಅವರ ನಿಲುವಾಗಿತ್ತು.

2015ರಲ್ಲಿ ತೆರೆಕಂಡ ‘ಫಿಫ್ಟಿ ಷೇಡ್ಸ್ ಆಫ್ ಗ್ರೇ’ ಅವರು ಕೆಲಸ ಮಾಡಿದ ಕೊನೆಯ ದೊಡ್ಡ ಚಿತ್ರ. ಮರುವರ್ಷ ಗೌರವ ಆಸ್ಕರ್ ಸಂದಿತು, 2018ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. ನಿರ್ದೇಶಕ ಡಗ್ಲಸ್ ಹಿಕಾಕ್ಸ್ ಜೊತೆಗಿನ ದಾಂಪತ್ಯದಲ್ಲಿ ಹುಟ್ಟಿದ ಮೂವರು ಮಕ್ಕಳೂ ಸಿನಿಮಾದಲ್ಲೇ ಉಳಿದರು. ಅವರಲ್ಲಿ ಸಂಕಲನದ ಕೋಣೆಯನ್ನು ಆರಿಸಿಕೊಂಡದ್ದು ಮಗಳು ಎಮ್ಮಾ.